‘ವೀತ’ ಮತ್ತು ‘ಬಿಡುಗಡೆ’: ಒಂದು ಅರ್ಥವಿಚಾರ

ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುಟಿ ಬಸದಿಯ ಪೂರ್ವದ ಹೊರಗೋಡೆಯ ಮೇಲಿರುವ ರವಿಕೀರ್ತಿಯ ಶಾಸನವು (ಶಕ 556, ಕ್ರಿ.ಶ. 634) ಇಮ್ಮಡಿ ಪುಲಕೇಶಿಯ ದಿಗ್ವಿಜಯಕ್ಕಾಗಿಯೂ ಕಾಳಿದಾಸ ಭಾರವಿಯರ ಹೆಸರಿಗಾಗಿಯೂ ಪ್ರಸಿದ್ಧವಾಗಿದೆ. ಪ್ರಸ್ತುತ ನಮಗೆ ಬೇಕಾದುದು ಅದರ ಮೊದಲ ಪದ್ಯ. ಮುಪ್ಪು, ಸಾವು, ಹುಟ್ಟುಗಳು ‘ವೀತ’ವಾದವನೆಂದು ಕವಿಯು ಅಲ್ಲಿ ಜಿನೇಂದ್ರನನ್ನು ಸ್ತುತಿಸುತ್ತಾನೆ. ಇಂತಹ ಕಡೆ ‘ಬಿಡುಗಡೆ ಹೊಂದಿದವನು’ ಎಂದು ಕನ್ನಡಿಸಲು ಲೇಖನಿ ಸುಲಭವಾಗಿ ಓಡುತ್ತದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯ.

‘ವೀತ’ವೆಂದರೆ ವಿ+ಇತ, ಸರಿದುಹೋದುದು, ‘ವೀತರಾಗ’ದಲ್ಲಿರುವುದೂ ಇದೇ. ‘ಮೋಕ್ಷ’ವಾದರೋ ಕಳಚುವ ಅರ್ಥದ ‘ಮುಚ್’ ಧಾತುವಿಗೆ ಸೇರಿದುದು. ಉಮಾಸ್ವಾತಿಯು ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯದಲ್ಲಿ ಸಕಲ ಕರ್ಮಗಳ ಕಳಚುವಿಕೆಯೇ ಮೋಕ್ಷವೆನ್ನುತ್ತಾನೆ. ಈ ಎರಡರಲ್ಲಿಯೂ ಬಿಡಿಸುವ ಮೂರನೆಯವನಿಲ್ಲ.

ಇನ್ನು ‘ಬಿಡುಗಡೆ’. ಇದನ್ನು ಬಿಡು+ಕಡೆ ಎಂದು ಒಡೆದು ‘ಕೊನೆಯ ಬಿಡುವಿಕೆ’ ಎಂದರ್ಥ ಮಾಡುವುದು ಮನೋಹರವಾದರೂ ನಿಲ್ಲುವ ಮಾತಲ್ಲ. ಹಾಗಿದ್ದರೆ ‘ಮುಳುಗಡೆ’ಯು ಕೊನೆಯ ಮುಳುಗಾಗಬೇಕಿತ್ತು! ಆಲಮಟ್ಟಿ ಅಣೆಕಟ್ಟಿನ ಹಿನ್ನೀರನ್ನು ಕಂಡ ಬಾಗಲಕೋಟೆಯವರಿಗೆ ಈ ಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ. ಎರಡರಲ್ಲಿಯೂ ‘ಗಡೆ’ಯು ಕ್ರಿಯೆಯನ್ನು ನಾಮವಾಗಿಸುವ ಪ್ರತ್ಯಯ ಮಾತ್ರ.

ಸ್ವಾರಸ್ಯವಿರುವುದು ಧಾತುವಿನಲ್ಲಿ. ತಮಿಳಿನ ‘ವಿಡು’ವಿನಿಂದಾದ ‘ವೀಡು’ ಮನೆಯೂ ಹೌದು, ಮೋಕ್ಷವೂ ಹೌದು. ಅಱಂ, ಪೊರುಳ್, ಇನ್ಬಂಗಳ ಜೊತೆಗೆ ನಾಲ್ಕನೆಯ ಪುರುಷಾರ್ಥವೇ ಅದು. ಅದರ ಕನ್ನಡ ಸೋದರ ‘ಬೀಡು’ ಪಾಳೆಯದಲ್ಲಿಯೇ ನಿಂತಿತು. ಶಾಸನಗಳ ‘ನೆಲೆವೀಡು’ ಅರಸನು ಬೀಡುಬಿಟ್ಟ ಸ್ಥಳ. ಮುಕ್ತಿಗೆ ನಾವು ಸಂಸ್ಕೃತವನ್ನು ಆಶ್ರಯಿಸಿದೆವು. ಇದು ನಷ್ಟವೆಂದೇ ನನ್ನ ಭಾವನೆ.

ಏಕೆಂದರೆ ‘ಬಿಡುಗಡೆ’ ಇಂದು ಸೆರೆಮನೆಯ ಮಾತಾಗಿದೆ. ಬಾಗಿಲು ತೆರೆಯುವ ಅಧಿಕಾರಿಯೊಬ್ಬನನ್ನು ಅದು ಹಿಂದೆಯೇ ಕರೆತರುತ್ತದೆ. ಜಿನನು ಜೀವಕ್ಕೆ ಬಿಡುಗಡೆ ‘ಕೊಡುತ್ತಾನೆ’ ಎಂದು ಬರೆದರೆ ಸಿದ್ಧಾಂತವೇ ತಲೆಕೆಳಗಾಗುತ್ತದೆ. ಆತನು ದಾರಿ ತೋರಿದವನು, ಬೀಗದ ಕೈ ಹಿಡಿದವನಲ್ಲ.

ಆದರೆ ‘ಬಿಡು’ವಿಗೆ ಇನ್ನೊಂದು ನಡೆಯುಂಟು. ‘ಅವನು ಆಸೆ ಬಿಟ್ಟ’ ಎಂಬಲ್ಲಿ ಬಿಡುವವನು ಮನುಷ್ಯ. ‘ಜ್ವರ ಬಿಟ್ಟಿತು’, ‘ಮಳೆ ಬಿಟ್ಟಿತು’ ಎಂಬಲ್ಲಿ ಹಿಡಿದದ್ದು ತಾನೇ ಸರಿಯುತ್ತದೆ. ಮೊದಲನೆಯದು ತ್ಯಾಗ, ಎರಡನೆಯದು ‘ವೀತ’. ಆದುದರಿಂದ ರವಿಕೀರ್ತಿಯ ಸಮಾಸವನ್ನು ‘ಮುಪ್ಪು ಸಾವು ಹುಟ್ಟುಗಳು ಬಿಟ್ಟುಹೋದವನು’ ಎಂದು ಕನ್ನಡಿಸುವುದು ಯುಕ್ತವೆಂದು ತೋರುತ್ತದೆ.