ತಾಟಿನಲ್ಲಿ ಉಳಿದದ್ದು

ಮೊನ್ನೆ ಆಫೀಸಲ್ಲಿ ಯೂಸರ್ ರಿಸರ್ಚ್ ರಿಪೋರ್ಟ್ ಬಂತು. ಸಾಲದ ಅರ್ಜಿ ತುಂಬುವ ನಮ್ಮ ಆ್ಯಪ್ ಬಗ್ಗೆ ಹೆಚ್ಚಿನವರು ‘ಚೆನ್ನಾಗಿದೆ’ ಅಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ. ಆದ್ರೆ ಅರ್ಜಿಯನ್ನ ಅರ್ಧಕ್ಕೇ ಬಿಟ್ಟು ಹೋಗೋರನ್ನ ನಾನು ದಿನಾ ಲಾಗ್‌ಗಳಲ್ಲಿ ನೋಡ್ತೀನಿ.

ಇಂಥದ್ದು ದೊಡ್ಡವರಿಗೂ ಆಗಿದೆ. 1985ರಲ್ಲಿ ಅಮೆರಿಕದ ಕೋಕಾ-ಕೋಲಾ ಕಂಪನಿ ಸುಮಾರು ಎರಡು ಲಕ್ಷ ಜನರಿಗೆ ಕುಡಿಸಿ, ಅಭಿಪ್ರಾಯ ಕೇಳಿ, ತನ್ನ ರುಚಿಯನ್ನೇ ಬದಲಿಸಿತು. ಏಪ್ರಿಲ್ 23ಕ್ಕೆ ‘ನ್ಯೂ ಕೋಕ್’ ಬಂತು. ಜನ ಫೋನ್ ಮಾಡಿ, ಪತ್ರ ಬರೆದು ಬೈದರು. ಜುಲೈ 11ಕ್ಕೆ, ಅಂದರೆ 79ನೇ ದಿನಕ್ಕೆ, ಹಳೇ ರುಚಿ ವಾಪಸ್!

ಇದನ್ನೇ ಹಿಡ್ಕೊಂಡು ‘ರಿಸರ್ಚ್ ಎಲ್ಲ ದಂಡ’ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಕೇಳಿದ್ದಕ್ಕೆ ಜನ ಸರಿಯಾಗೇ ಉತ್ತರ ಕೊಟ್ಟಿದ್ದರು: ಈ ಎರಡು ಗುಟುಕಿನಲ್ಲಿ ಇದು ರುಚಿ. ‘ಇದು ಬಂದರೆ ಹಳೇದು ಸಿಗಲ್ಲ, ನಡೆಯುತ್ತಾ?’ ಅನ್ನೋದು ಬೇರೆಯೇ ಪ್ರಶ್ನೆ. ರುಚಿ ಬದಲಿಸ್ತೀವಿ ಅಂದಾಗ ಕೆಲವರು ಸಿಟ್ಟಾಗಿದ್ದೂ ಉಂಟು. ಅವರ ಸಂಖ್ಯೆ ಚಿಕ್ಕದು, ದೊಡ್ಡ ಅಂಕಿಯ ಕೆಳಗೆ ಮುಚ್ಚಿಹೋಯ್ತು. ತಪ್ಪು ರಿಸರ್ಚಿನದಲ್ಲ, ಬೇಕಾದಷ್ಟನ್ನೇ ಓದಿಕೊಂಡವರದು.

ನಮ್ಮಲ್ಲಿ ಇದರ ಜೊತೆಗೆ ಸಂಕೋಚ ಬೇರೆ. ಏಸಿ ರೂಮಲ್ಲಿ ಕೂರಿಸಿ, ಕಾಫಿ ಕೊಟ್ಟು, ‘ಹೇಗಿದೆ?’ ಅಂದ್ರೆ ಕೆಟ್ಟದಾಗಿದೆ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಊರಲ್ಲಿ ನಮ್ಮವ್ವ ಬೀಗರಿಗೆ ಊಟಕ್ಕೆ ಬಡಿಸಿದಾಗ ‘ಹೆಂಗಾಗೇತಿ’ ಅಂತ ಕೇಳಲ್ಲ. ಅವರು ಎದ್ದ ಮೇಲೆ ತಾಟಿನಲ್ಲಿ ಯಾವ ಪಲ್ಯ ಉಳಿದಿದೆ ನೋಡ್ತಾಳೆ.

ಅದೇ ಅವ್ವನಿಗೆ ಈ ಆ್ಯಪ್ ತೋರಿಸಿದ್ದೆ. ‘ಚಲೋ ಐತಿ ತಮ್ಮಾ’ ಅಂದಳು. ನಾನು ಹಿತ್ತಲಿಗೆ ಹೋಗಿ ಬರೋದ್ರಲ್ಲಿ ಪಕ್ಕದ ಮನೆ ಹುಡುಗಿಯನ್ನ ಕರೆದು, ‘ಇದನ್ನೊಂದೀಟು ತುಂಬಿಕೊಡವಾ’ ಅಂತಿದ್ದಳು. ಹುಟ್ಟಿದ ತಾರೀಖಿನ ಚಕ್ರ ಈ ವರ್ಷದಿಂದ ಶುರು. ಅದನ್ನ 1958ರ ತನಕ ಎಳೆಯೋದ್ರಲ್ಲಿ ಅವಳ ಬೆರಳು ಜಾರಿ ಸ್ಕ್ರೀನೇ ಮುಚ್ಚಿಹೋಗಿತ್ತು. ರಿಪೋರ್ಟಿನಲ್ಲಿ ಈ ಚಕ್ರದ ಸುದ್ದಿಯೇ ಇರಲಿಲ್ಲ. ಪರೀಕ್ಷೆಗೆ ಕೂತವರೆಲ್ಲ ಬೆಂಗಳೂರಿನ ಇಪ್ಪತ್ತೈದರ ಹುಡುಗರು, ಅವರಿಗೆ ಒಂದೆರಡು ಸಲ ಎಳೆದರೆ ಸಾಕು.

ಆ ಚಕ್ರ ಬರೆದವನು ನಾನೇ. ಎಲ್ಲಾ ಗೊತ್ತಿದ್ದೂ ಚಪ್ಪಾಳೆ ತಟ್ಟಿದೆ. ಅವ್ವ ನನ್ನೆದುರು ‘ಚಲೋ ಐತಿ’ ಅಂದಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ರಿಸರ್ಚ್ ಬೇಕು, ಸ್ವಾಮಿ. ಆದ್ರೆ ಮುಂದಿನ ಸಲ ಸ್ಲೈಡ್ ತೆರೆಯೋಕೆ ಮುಂಚೆ ನಾನು ಕೇಳೋದು ಇಷ್ಟೇ: ಇವರು ಏನಂದ್ರು ಅನ್ನೋದು ಆಮೇಲೆ ಇರಲಿ, ತಾಟಿನಲ್ಲಿ ಏನು ಬಿಟ್ಟರು?