ತೋಟದ ಮನೆಯ ಊಟ ಬೇಕಿತ್ತೇ?

ವಿಯೆಟ್ನಾಂ ಯುದ್ಧದ ಚಿತ್ರ ‘ಅಪೋಕಲಿಪ್ಸ್ ನೌ’ ಮಾತು ಬಂದರೆ ಫಿಲ್ಮ್ ಸೊಸೈಟಿಗಳಲ್ಲಿ ಪಳಗಿದವರು ಮೊದಲು ಕೇಳುವುದು, ನೀವು ನೋಡಿದ್ದು ಹಳೆಯದೋ ‘ರಿಡಕ್ಸ್’ ಆವೃತ್ತಿಯೋ ಎಂದು. ಹಳೆಯದು ಅಂದಿರೋ, ಪಾಪ ಎನ್ನುವಂತೆ ನೋಡುತ್ತಾರೆ. 2001ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ 49 ನಿಮಿಷ ಸೇರಿಸಿ ಹೊರತಂದದ್ದೇ ಪೂರ್ಣ ಚಿತ್ರ, 1979ರದ್ದು ಅರೆಬರೆ ಎಂಬ ನಂಬಿಕೆ ಬೇರೂರಿಬಿಟ್ಟಿದೆ. ನನ್ನ ಮಟ್ಟಿಗೆ 1979ರ ಕತ್ತರಿಯೇ ಸರಿ. 2001ರಲ್ಲಿ ನಡೆದದ್ದು ಆ ವಿವೇಕದ ಮೇಲಿನ ದಾಳಿ.

ಚಿತ್ರಕ್ಕೆ ಆಧಾರವಾದ ಕಾನ್ರಾಡ್‌ನ ಕಾದಂಬರಿ, ಚಿತ್ರೀಕರಣದ ವೇಳೆ ಬಂದ ಫಿಲಿಪ್ಪೀನ್ಸ್‌ನ ಚಂಡಮಾರುತ, ಮಾರ್ಟಿನ್ ಶೀನ್‌ನ ಹೃದಯಾಘಾತ, ಬ್ರಾಂಡೊನ ಮೈತೂಕ ಇವನ್ನೆಲ್ಲ ಮತ್ತೆ ಹೇಳಬೇಕಿಲ್ಲ. ರಿಡಕ್ಸ್‌ನಲ್ಲಿ ಸೇರಿದ ದೃಶ್ಯಗಳಲ್ಲಿ ಸರ್ಫಿಂಗ್ ಹಲಗೆಯ ಕಳ್ಳತನ, ಪ್ಲೇಬಾಯ್ ಹುಡುಗಿಯರ ಎರಡನೇ ಭೇಟಿ ಇರಲಿ ಬಿಡಲಿ, ಅಂಥ ನಷ್ಟವಿಲ್ಲ. ಜಗಳವೆಲ್ಲ ಫ್ರೆಂಚರ ರಬ್ಬರ್ ತೋಟದ ಪ್ರಸಂಗದ್ದು.

ಅದು ಎಲ್ಲಿ ಬಂದು ಕೂರುತ್ತದೆ ನೋಡಿ. ದಾರಿ ತಪ್ಪಿದ ಸೇನಾಧಿಕಾರಿ ಕರ್ಟ್ಸ್‌ನನ್ನು ಕೊಲ್ಲಲು ನಾಯಕ ವಿಲ್ಲರ್ಡ್ ಹೊಳೆ ಏರುತ್ತಿರುವ ದೋಣಿಯ ಹುಡುಗ ಕ್ಲೀನ್, ಊರಿನಿಂದ ತಾಯಿ ಕಳಿಸಿದ ಧ್ವನಿಸುರುಳಿ ಕೇಳುತ್ತಿದ್ದಾನೆ. ದಡದ ಮರಗಳ ಮರೆಯಿಂದ ಗುಂಡಿನ ಮಳೆ. ಹುಡುಗ ಸತ್ತು ಬಿದ್ದಿದ್ದಾನೆ. ಟೇಪ್ ನಿಂತಿಲ್ಲ, ತಾಯಿ ಮಾತಾಡುತ್ತಲೇ ಇದ್ದಾಳೆ. 1979ರ ಚಿತ್ರ ಇಲ್ಲಿಂದ ನೇರವಾಗಿ ಮಂಜಿಗೆ ನುಗ್ಗುತ್ತದೆ. ಹುಡುಗನ ಶವ ಏನಾಯಿತೆಂದು ಅದು ತೋರಿಸುವುದಿಲ್ಲ. ಮಂಜಿನೊಳಗಿಂದ ಬಾಣಗಳು, ಆಮೇಲೆ ಈಟಿ. ಎದೆಗೆ ಈಟಿ ನೆಟ್ಟ ದೋಣಿಯ ಮುಖ್ಯಸ್ಥ ಚೀಫ್, ಪ್ರಾಣ ಬಿಡುವ ಮುನ್ನ ವಿಲ್ಲರ್ಡ್‌ನನ್ನು ಅದೇ ಮೊನೆಯ ಮೇಲೆ ಎಳೆದುಕೊಳ್ಳಲು ಹೆಣಗುತ್ತಾನೆ. ಆ ಸಿಟ್ಟು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ತಾಯಿಯ ಧ್ವನಿ ನಮ್ಮ ಕಿವಿಯಲ್ಲಿ ಇನ್ನೂ ಇದೆ. ಈ ಎರಡು ಸಾವುಗಳ ನಡುವೆ ಉಸಿರಾಡಲು ಜಾಗವಿಲ್ಲದಿರುವುದೇ ಇಲ್ಲಿಯ ಸಂಕಲನದ ಸಾಧನೆ.

ರಿಡಕ್ಸ್ ಆ ಸಂದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿದ ಬಿಡಾರ ಹೂಡುತ್ತದೆ. ಕ್ಲೀನ್‌ಗೆ ಗೌರವದ ಅಂತ್ಯಕ್ರಿಯೆ, ದೊಡ್ಡ ಮೇಜಿನ ಮೇಲೆ ವೈನು, ವಿಯೆಟ್ನಾಂನಲ್ಲಿ ಫ್ರೆಂಚರು ಕಂಡ ದಿಯೆನ್ ಬಿಯೆನ್ ಫೂ ಸೋಲಿನ ಪುರಾಣ, ಕುಟುಂಬದೊಳಗಿನ ಕಿತ್ತಾಟ, ಕೊನೆಗೆ ವಿಧವೆ ರೊಕ್ಸಾನ್‌ಳೊಂದಿಗೆ ಅಫೀಮು ಮತ್ತು ಹಾಸಿಗೆ. ಊಟ ಮುಗಿಯುವ ಹೊತ್ತಿಗೆ ಆ ತಾಯಿಯ ದನಿ ಅಳಿಸಿಹೋಗಿರುತ್ತದೆ. ಮುಂದೆ ಈಟಿ ಬಂದಾಗ ಅದು ಬರಿಯ ಈಟಿ.

ರೊಕ್ಸಾನ್ ವಿಲ್ಲರ್ಡ್‌ಗೆ ಹೇಳುವುದೇನು? ನಿನ್ನೊಳಗೆ ಕೊಲ್ಲುವವನೊಬ್ಬ, ಪ್ರೀತಿಸುವವನೊಬ್ಬ ಇದ್ದಾರೆ ಎಂದು. ಸೈಗಾನಿನ ಹೋಟೆಲ್ ಕೋಣೆಯಲ್ಲಿ ಕುಡಿದು ಕನ್ನಡಿಗೆ ಗುದ್ದಿ ರಕ್ತ ಬಳಿದುಕೊಂಡವನನ್ನು ನಾವು ಮೊದಲ ದೃಶ್ಯದಲ್ಲೇ ನೋಡಿದ್ದೇವಲ್ಲ! ಕನ್ನಡಿ ಮಾತಿಲ್ಲದೆ ಮುಗಿಸಿದ ಕೆಲಸಕ್ಕೆ ಇಲ್ಲಿ ಟಿಪ್ಪಣಿ. ಹೆಂಡತಿಯಿಂದ ದೂರವಾಗಿ, ಯಾರನ್ನೂ ಮುಟ್ಟದೆ, ನೋಡುತ್ತಲೇ ಹೊಳೆ ಏರುವವನು ವಿಲ್ಲರ್ಡ್. ಅವನನ್ನು ಹಾಸಿಗೆಗೆ ಕರೆದ ಕ್ಷಣ ಅವನು ಎಲ್ಲ ಯುದ್ಧಚಿತ್ರಗಳ ದಣಿದ ನಾಯಕನಾಗುತ್ತಾನೆ.

ಛಾಯಾಗ್ರಾಹಕ ವಿತ್ತೋರಿಯೋ ಸ್ತೊರಾರೋ ಆ ಮೇಜಿನ ಮೇಲೆ ಹರಿಸಿದ ಸಂಜೆಬಿಸಿಲು ಸುಂದರ, ಒಪ್ಪುತ್ತೇನೆ.

ತೋಟದ ಪರವಾಗಿ ವಾದಿಸುವವರದು ಮುಖ್ಯವಾಗಿ ರಾಜಕೀಯದ ವಾದ. ಅಮೆರಿಕಕ್ಕಿಂತ ಮೊದಲಿದ್ದ ವಸಾಹತುಶಾಹಿಯ ಇತಿಹಾಸ ಈ ದೃಶ್ಯದಿಂದಲೇ ಚಿತ್ರಕ್ಕೆ ಬಂತಂತೆ. ಬಂದದ್ದು ಯಾರ ಬಾಯಿಂದ? ತೋಟ ನಮ್ಮದು, ಬಿಟ್ಟುಕೊಡೆವು ಎನ್ನುವ ಮಾಲೀಕರ ಬಾಯಿಂದ. ಮೇಜಿನ ಸುತ್ತ ವಾದಿಸುವವರೆಲ್ಲ ಫ್ರೆಂಚರು. ವಿಯೆಟ್ನಾಮಿಗರ ಪರ ಮಾತು ಬಂದರೂ ಅದು ಫ್ರೆಂಚರ ಬಾಯಿಂದಲೇ. ಇದನ್ನು ವಸಾಹತುಶಾಹಿಯ ವಿಮರ್ಶೆ ಎಂದು ಪಾಠ ಹೇಳುವವರು, ವಿಲ್ಲರ್ಡ್‌ನ ಜೊತೆಗಾರರು ವಿಯೆಟ್ನಾಮಿಗರ ದೋಣಿ ತಡೆದು ತಪಾಸಣೆಯ ನೆಪದಲ್ಲಿ ಒಂದು ಸಂಸಾರವನ್ನೇ ಕೊಂದುಹಾಕುವ ದೃಶ್ಯವನ್ನು ಇನ್ನೊಮ್ಮೆ ನೋಡಲಿ. ಅದು 1979ರಲ್ಲೇ ಇತ್ತು, ಭಾಷಣವಿಲ್ಲದೆ.

ಇನ್ನು ಕೆಲವರಿಗೆ ಕತ್ತರಿ ಎಂದೊಡನೆ ನಿರ್ಮಾಪಕನೆಂಬ ಖಳನಾಯಕ ಕಾಣುತ್ತಾನೆ. ಈ ರೋಗದ ಮೂಲ 1942ರ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’. ಆರ್ಸನ್ ವೆಲ್ಸ್ ಬ್ರೆಜಿಲ್‌ನಲ್ಲಿದ್ದಾಗ ಆರ್‌ಕೆಓ ಸ್ಟುಡಿಯೋ ಆ ಚಿತ್ರವನ್ನು 88 ನಿಮಿಷಕ್ಕೆ ಇಳಿಸಿತು, ಬೇರೆಯವರಿಂದ ಹೊಸ ಅಂತ್ಯ ಚಿತ್ರಿಸಿತು, ತೆಗೆದ ಭಾಗಗಳ ನೆಗೆಟಿವ್ ನಾಶ ಮಾಡಿತು. ಅದು ಅನ್ಯಾಯ, ತಕರಾರಿಲ್ಲ. ಅದೇ ಕಣ್ಣೀರನ್ನು ಕೊಪ್ಪೊಲನಿಗೆ ಸುರಿಸುವುದೇಕೆ? ಅವನು ಸ್ವಂತ ಆಸ್ತಿ ಅಡವಿಟ್ಟು ತೆಗೆದ ಚಿತ್ರವಿದು. ತೋಟವನ್ನು ಕತ್ತರಿಸಿದವನೂ ಅವನೇ. ಆ ಪ್ರಸಂಗದ ಖರ್ಚು ಕೈಮೀರಿದ್ದು, ಬಂದ ಫಲ ಮನಸ್ಸಿಗೆ ಹಿಡಿಸದೆ ಅವನು ಸಿಡಿಮಿಡಿಗೊಂಡದ್ದು 1991ರ ಸಾಕ್ಷ್ಯಚಿತ್ರ ‘ಹಾರ್ಟ್ಸ್ ಆಫ್ ಡಾರ್ಕ್‌ನೆಸ್’ನಲ್ಲಿ ದಾಖಲಾಗಿದೆ. ಚಿತ್ರ ಉದ್ದವಾಯಿತೆಂಬ ಅಂಜಿಕೆಯೂ ಇತ್ತು. ಕಾರಣಗಳು ಲೌಕಿಕವಾಗಿರಬಹುದು, ಫಲ ಕಲೆಯದು. ಸಂಕಲನಕಾರ ವಾಲ್ಟರ್ ಮರ್ಚ್ ಕೊಡುವ ಲೆಕ್ಕದಂತೆ ಈ ಚಿತ್ರಕ್ಕೆ ತೆಗೆದ ಫಿಲ್ಮು 12.5 ಲಕ್ಷ ಅಡಿ. ಉಳಿದ ಒಂದು ಅಡಿಗೆ ತೆರೆಗೆ ಬಾರದೆ ಹೋದದ್ದು 95 ಅಡಿ. ಇಂಥ ಚಿತ್ರದಲ್ಲಿ ‘ಕಳೆದುಹೋದ ದೃಶ್ಯ’ ಎಂದು ಕೊರಗುವುದು ಶಿಲ್ಪಿಯ ಅಂಗಳದ ಚಕ್ಕೆ ಹೆಕ್ಕಿದಂತೆ.

‘ಪೂರ್ಣ’ ಎಂದು ನಂಬಿದವರಿಗೆ ಸ್ವತಃ ಕೊಪ್ಪೊಲನೇ 2019ರಲ್ಲಿ ಕೈಕೊಟ್ಟ. ‘ಫೈನಲ್ ಕಟ್’ನಲ್ಲಿ ಪ್ಲೇಬಾಯ್ ಹುಡುಗಿಯರ ಎರಡನೇ ಭೇಟಿಯನ್ನೂ ಕರ್ಟ್ಸ್ ‘ಟೈಮ್’ ಪತ್ರಿಕೆ ಓದುವುದನ್ನೂ ಮತ್ತೆ ತೆಗೆದುಹಾಕಿದ. ತೋಟ ಮಾತ್ರ ಉಳಿಯಿತು. ಅದು ಅವನ ಹಟ.

ಈ ಚಿತ್ರವನ್ನು ಮೊದಲ ಸಲ ನೋಡುವವರು 1979ರದ್ದನ್ನೇ ನೋಡಿ. ತೋಟದ ಮನೆಯ ಪ್ರಸಂಗವನ್ನು ಬೇಕಾದರೆ ಆಮೇಲೆ, ಬೇರೆಯಾಗಿ ನೋಡಿಕೊಳ್ಳಿ.