ಹಮಾಲಿಯೋ, ದಲಾಲಿಯೋ?

ಅಣ್ಣಿಗೇರಿ, ಕುಂದಗೋಳದ ಪೇಟೆ ಬಲ್ಲ ನಿಮಗೆ ಎರಡು ಬಗೆಯ ಕೂಲಿ ಗೊತ್ತು. ಹಮಾಲಿ ಚೀಲದ ಲೆಕ್ಕ, ದಲಾಲಿ ಬೆಲೆಯ ಲೆಕ್ಕ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡು, 2008ರಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಬಂದ ಬಿಟ್‌ಕಾಯಿನ್ ಪ್ರಬಂಧದ ಒಂದು ವಾದವನ್ನು ಪರಿಶೀಲಿಸೋಣ.

ವಹಿವಾಟುಗಳನ್ನು 'ಬ್ಲಾಕ್' ಆಗಿ ಕಟ್ಟಿ, ಗಣಕಗಳನ್ನು ದುಡಿಸಿ ದಾಖಲೆಗೆ ಸೇರಿಸುವವರು ಮೈನರ್‌ಗಳು. 2009ರಲ್ಲಿ ಬ್ಲಾಕಿಗೆ 50 ಹೊಸ ನಾಣ್ಯಗಳ ಬಹುಮಾನವಿತ್ತು. ಪ್ರತಿ 2,10,000 ಬ್ಲಾಕುಗಳಿಗೊಮ್ಮೆ, ಅಂದರೆ ಸುಮಾರು ನಾಲ್ಕು ವರ್ಷಗಳಿಗೊಮ್ಮೆ, ಅದು ಅರ್ಧವಾಗುತ್ತದೆ. 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು, 2140ರ ಸುಮಾರಿಗೆ ನಿಲ್ಲಲಿದೆ. ಆ ಬಳಿಕ ವಹಿವಾಟಿನ ಶುಲ್ಕವೇ ಸಾಕೆಂಬುದು ಪ್ರಬಂಧದ ನಿಲುವು.

ಇದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದಾಗಿ, ಈ ಶುಲ್ಕ ಹಮಾಲಿಯಂತೆ. ಮಾಹಿತಿಯ ಗಾತ್ರವನ್ನು ನೋಡುತ್ತದೆ, ಹಣದ ಮೊತ್ತವನ್ನಲ್ಲ. ಕಳ್ಳ ಮಾತ್ರ ಮೊತ್ತವನ್ನೇ ನೋಡುತ್ತಾನೆ. ಬ್ಲಾಕಿನ ಜಾಗಕ್ಕೆ ಪೈಪೋಟಿ ಇಲ್ಲದಾಗ ಶುಲ್ಕ ಕುಸಿಯುತ್ತದೆ, ಕಾವಲೂ ಸಡಿಲವಾಗುತ್ತದೆ. ಎರಡನೆಯದಾಗಿ, ಶುಲ್ಕ ಒಂದೇ ಸಮನೆ ಬರುವುದಿಲ್ಲ. ಶುಲ್ಕವೊಂದೇ ಆದಾಯವಾದರೆ, ಹೆಚ್ಚು ಗಳಿಕೆಯ ಬ್ಲಾಕನ್ನು ಬದಿಗೊತ್ತಿ ಅದೇ ವಹಿವಾಟುಗಳನ್ನು ತಾನೇ ಮತ್ತೆ ಕಟ್ಟುವ ಆಮಿಷ ಮೈನರ್‌ಗೆ ಹುಟ್ಟುತ್ತದೆಂದು ಪ್ರಿನ್ಸ್‌ಟನ್‌ನ ಅರವಿಂದ್ ನಾರಾಯಣನ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು.

ಮೊನೆರೊ ಎಂಬ ನಾಣ್ಯ 2022ರಿಂದ ಬ್ಲಾಕಿಗೆ 0.6ರಂತೆ ಬಹುಮಾನವನ್ನು ಕಾಯಂ ಮಾಡಿದೆ. ಅಲ್ಲಿ ಒಟ್ಟು ನಾಣ್ಯಗಳಿಗೆ ಮಿತಿಯಿಲ್ಲ. ಕಾವಲಿನ ಖರ್ಚು ನಾಣ್ಯವುಳ್ಳ ಎಲ್ಲರ ಮೇಲೂ ಹಂಚಿಹೋಗುತ್ತದೆ.

ತರಗತಿಯಲ್ಲಿ 50 + 25 + 12.5 + … ಎಂಬ ಗುಣೋತ್ತರ ಶ್ರೇಢಿಯನ್ನು ಕೂಡಿಸಿ ನೋಡಿ. ಮೊತ್ತ 100, ಅದನ್ನು 2,10,000ದಿಂದ ಗುಣಿಸಿದರೆ 2.1 ಕೋಟಿ ನಾಣ್ಯಗಳ ಮಿತಿ ಸಿಗುತ್ತದೆ. ಗಣಿತ ಸರಿಯಾಗಿಯೇ ಇದೆ. ಕಾವಲುಗಾರನ ಕೂಲಿ ಎಲ್ಲಿಂದ ಬರಬೇಕೆಂಬುದನ್ನು ಮಾತ್ರ ಈ ಲೆಕ್ಕ ಹೇಳುವುದಿಲ್ಲ.